ಹತ್ತಿಬೀಜವನ್ನು ಹಸನು ಮಾಡುವ ಯಂತ್ರ



ಮುಂಬಯಿಯ ಹಾರ್ಬರ್ ಮಾರ್ಗದ ಲೋಕಲ್ ಗಾಡಿಯಲ್ಲಿ ಪ್ರಯಾಣ ಮಾಡುವವರಿಗೆಲ್ಲ ಕಾಟನ್ ಗ್ರೀನ್ ಎಂಬ ನಿಲ್ದಾಣದ ಹೆಸರು ಪರಿಚಿತವಾದುದೇ. ಒಂದು ಕಾಲದಲ್ಲಿ ಶಿವಡಿಯ ಬದಿಯಲ್ಲಿ ನಡೆಯುತ್ತಿದ್ದ ಹತ್ತಿಯ ಭಾರೀ ವ್ಯಾಪಾರವೇ ಆ ಹೆಸರಿಗೆ ಕಾರಣ. ಧಾರವಾಡ, ಖಾನದೇಶ, ವಿದರ್ಭ, ಗುಜರಾತ ಮುಂತಾದ ಸೀಮೆಗಳ ಹತ್ತಿಯು ಬಿಗಿದು ಕಟ್ಟಿದ ಬೇಲುಗಳಾಗಿ ಈ ನಗರಕ್ಕೆ ಬರುತ್ತಿತ್ತು. ಇಲ್ಲಿನ ಗಿರಣಿಗಳಲ್ಲಿ ನೂಲಾಗಿ ಬಟ್ಟೆಯಾಗುತ್ತಿತ್ತು, ಇಲ್ಲವೆ ಹಡಗನ್ನೇರಿ ಪರದೇಶಕ್ಕೆ ಹೋಗುತ್ತಿತ್ತು. ಆದರೆ ನಗರಕ್ಕೆ ಬಂದುದು ಬೀಜವನ್ನು ಕಳೆದ ಹತ್ತಿ, ಎಂದರೆ ಅರಳೆ ಮಾತ್ರ. ಬೀಜವು ಹತ್ತಿ ಬೆಳೆದ ಸೀಮೆಯಲ್ಲಿಯೇ ಹಿಂದೆ ಉಳಿಯಿತು. ಆದುದರಿಂದ ಪಟ್ಟಣವಾಸಿಗಳಾದ ನಮಗೆ ಹತ್ತಿಯೆಂದೊಡನೆ ಬಿಳಿಯ ನಾರು ನೆನಪಿಗೆ ಬರುವುದೇ ಹೊರತು, ಆ ನಾರಿಗೆ ಮೂಲವಾದ ಬೀಜವು ನೆನಪಿಗೆ ಬರುವುದಿಲ್ಲ.

ತೂಕದ ಲೆಕ್ಕದಲ್ಲಿ ನೋಡಿದರೆ ಹೆಚ್ಚಿನ ಪಾಲು ಬೀಜದ್ದೇ. ಹೊಲದಿಂದ ಬಿಡಿಸಿ ತಂದ ೧೦೦ ಕಿಲೋಗ್ರಾಂ ಹತ್ತಿಯನ್ನು ಜಿನ್ನಿಂಗ್ ಕಾರ್ಖಾನೆಯಲ್ಲಿ ಬೇರ್ಪಡಿಸಿದಾಗ ದೊರೆಯುವ ಅರಳೆಯು ಸುಮಾರು ೩೩ರಿಂದ ೩೫ ಕಿಲೋಗ್ರಾಂ ಮಾತ್ರ. ಉಳಿದುದರಲ್ಲಿ ಬಹುಭಾಗವು ಬೀಜ. ಈ ಬೀಜಕ್ಕೆ ಮೂರು ದಾರಿಗಳುಂಟು. ಗಾಣಕ್ಕೆ ಹೋದರೆ ಅದು ಎಣ್ಣೆ ಮತ್ತು ಹಿಂಡಿಯಾಗುತ್ತದೆ. ಕೊಟ್ಟಿಗೆಗೆ ಹೋದರೆ ಎಮ್ಮೆ-ಆಕಳುಗಳಿಗೆ ಹತ್ತಿಕಾಳಿನ ಮೇವಾಗುತ್ತದೆ. ಹೊಲಕ್ಕೆ ಹೋದರೆ ಬರುವ ವರ್ಷದ ಬೆಳೆಯಾಗುತ್ತದೆ. ಮೊದಲಿನ ಎರಡು ದಾರಿಗಳಲ್ಲಿ ಒಂದೆರಡು ಜೊಳ್ಳು ಕಾಳುಗಳು ಸೇರಿದ್ದರೆ ಅಂತಹ ಹಾನಿಯೇನೂ ಇಲ್ಲ. ಮೂರನೆಯ ದಾರಿಯಲ್ಲಿ ಹಾಗಲ್ಲ. ಹೊಲದಲ್ಲಿ ಮೊಳೆಯದ ಪ್ರತಿಯೊಂದು ಬೀಜವೂ ಒಂದು ಬರಿದಾದ ಸ್ಥಳ. ಆದುದರಿಂದ ಬಿತ್ತನೆಗೆಂದು ತೆಗೆದಿಡುವ ಬೀಜವನ್ನು ಹಸನು ಮಾಡಿ, ಗಟ್ಟಿಯಾದುದನ್ನೂ ಜೊಳ್ಳಾದುದನ್ನೂ ವಿಂಗಡಿಸಬೇಕಾಗುತ್ತದೆ. ಈ ಕೆಲಸವನ್ನು ಮಾಡುವ ಯಂತ್ರಗಳ ರಚನೆಯನ್ನೂ ಅವುಗಳ ತತ್ತ್ವವನ್ನೂ, ಅವು ಮಾಡಲಾರದ ಒಂದು ಕೆಲಸವನ್ನೂ ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

೧. ತುಪ್ಪಳದ ತೊಡಕು

ಜೋಳ, ಗೋದಿ, ಕಡಲೆ ಮೊದಲಾದ ಕಾಳುಗಳನ್ನು ಹಸನು ಮಾಡುವುದು ಸುಲಭ. ಅವುಗಳ ಮೈ ನುಣುಪಾಗಿರುವುದರಿಂದ ಒಂದು ಕಾಳು ಇನ್ನೊಂದಕ್ಕೆ ಅಂಟಿಕೊಳ್ಳುವುದಿಲ್ಲ. ಹತ್ತಿಬೀಜದ ಸಂಗತಿ ಬೇರೆ. ಜಿನ್ನಿನಲ್ಲಿ ಉದ್ದವಾದ ನಾರು ಕಳಚಿಹೋದ ಮೇಲೆಯೂ ಬೀಜದ ಮೇಲೆ ಮೋಟಾದ ನಾರುಗಳ ಒಂದು ಹೊದಿಕೆ ಉಳಿಯುತ್ತದೆ. ಇದನ್ನೇ ತುಪ್ಪಳವೆಂದು ಕರೆಯೋಣ. ಈಜಿಪ್ತಿನ ಹತ್ತಿಯ ಜಾತಿಗೆ ಸೇರಿದ ಬೀಜಗಳು ಬಹುಮಟ್ಟಿಗೆ ಬೋಳಾಗಿರುತ್ತವೆ. ಆದರೆ ನಮ್ಮ ದೇಶದಲ್ಲಿ ಈಗ ಬಹಳವಾಗಿ ಬೆಳೆಯುವ ಅಮೆರಿಕನ್ ಹತ್ತಿಯ ಜಾತಿಯ ಬೀಜಗಳಿಗೆ ಈ ತುಪ್ಪಳವು ದಟ್ಟವಾಗಿರುತ್ತದೆ.

ತುಪ್ಪಳದಿಂದ ಉಂಟಾಗುವ ತೊಂದರೆಗಳು ಹಲವು. ಮೊದಲನೆಯದಾಗಿ, ಬೀಜಗಳು ಒಂದಕ್ಕೊಂದು ತೊಡಕಿಕೊಂಡು ಗಂಟುಗಂಟಾಗುತ್ತವೆ. ಕೂರಿಗೆಯ ಬಿದಿರಿನ ಕೊಳವೆಯಲ್ಲಿ ಒಂದೊಂದಾಗಿ ಇಳಿಯುವುದಿಲ್ಲ. ಎರಡನೆಯದಾಗಿ, ತುಪ್ಪಳದ ಎಳೆಗಳ ನಡುವೆ ಗಾಳಿಯು ಸಿಕ್ಕಿಕೊಂಡಿರುವುದರಿಂದ ನೆಲದ ತೇವವು ಬೀಜಕ್ಕೆ ಬೇಗನೆ ತಾಗುವುದಿಲ್ಲ, ಮೊಳಕೆ ತಡವಾಗುತ್ತದೆ. ಮೂರನೆಯದಾಗಿ, ರೋಗದ ಸೂಕ್ಷ್ಮಜೀವಿಗಳು ಅದರಲ್ಲಿ ಅಡಗಿರಬಲ್ಲವು. ನಾಲ್ಕನೆಯದು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು: ತುಪ್ಪಳದ ಕಂಬಳಿ ಹೊದ್ದ ಬೀಜಗಳಲ್ಲಿ ತುಂಬಿದ ಬೀಜ ಯಾವುದು, ಪೊಳ್ಳು ಬೀಜ ಯಾವುದು ಎಂಬುದು ಕಣ್ಣಿಗೂ ತಿಳಿಯದು, ಗಾಳಿಗೂ ತಿಳಿಯದು, ನೀರಿಗೂ ತಿಳಿಯದು.

ನಮ್ಮ ಹಿರಿಯರು ಈ ತೊಡಕಿಗೆ ಒಂದು ಸರಳವಾದ ಉಪಾಯವನ್ನು ಕಂಡುಕೊಂಡಿದ್ದರು. ಸೆಗಣಿಯನ್ನೂ ಮಣ್ಣನ್ನೂ ನೀರಿನಲ್ಲಿ ಕದಡಿ, ಅದರಲ್ಲಿ ಬೀಜವನ್ನು ನೆನೆಸಿ, ಹಗ್ಗದಿಂದ ಹೆಣೆದ ಹೊರಸಿನ ಮೇಲೆ ಹಾಕಿ ಅಂಗೈಯಿಂದ ಉಜ್ಜುತ್ತಿದ್ದರು. ತುಪ್ಪಳವು ಮೈಗೆ ಅಂಟಿಕೊಂಡು, ಬೀಜಗಳು ಬಿಡಿಬಿಡಿಯಾಗಿ ಹೊರಸಿನ ಸಂದಿಗಳಿಂದ ಕೆಳಗೆ ಬೀಳುತ್ತಿದ್ದವು. ಅವುಗಳನ್ನು ನೆರಳಿನಲ್ಲಿ ಆರಿಸಿ ಬಿತ್ತುತ್ತಿದ್ದರು. ಆ ಹೊರಸು ಬೀಜಗಳನ್ನು ಬಿಡಿಸುತ್ತಿತ್ತೇ ಹೊರತು ಗಟ್ಟಿ-ಜೊಳ್ಳುಗಳನ್ನು ವಿಂಗಡಿಸುತ್ತಿರಲಿಲ್ಲ.

೨. ತುಪ್ಪಳವನ್ನು ತೆಗೆಯುವ ಬಗೆ

ಇಂದು ತುಪ್ಪಳವನ್ನು ತೆಗೆಯಲು ಎರಡು ಮುಖ್ಯ ಮಾರ್ಗಗಳಿವೆ. ಒಂದು ಯಂತ್ರದ ಮಾರ್ಗ. ಇನ್ನೊಂದು ರಸಾಯನದ ಮಾರ್ಗ.

ಯಂತ್ರದ ಮಾರ್ಗದಲ್ಲಿ, ಒಂದೇ ಅಚ್ಚಿನ ಮೇಲೆ ಒತ್ತೊತ್ತಾಗಿ ಜೋಡಿಸಿದ ಅನೇಕ ದುಂಡು ಗರಗಸಗಳು ವೇಗವಾಗಿ ತಿರುಗುತ್ತವೆ. ಅವುಗಳ ಸಣ್ಣ ಹಲ್ಲುಗಳು ಬೀಜದ ಮೈಯಿಂದ ತುಪ್ಪಳವನ್ನು ಕೆರೆದು ತೆಗೆಯುತ್ತವೆ. ಹೀಗೆ ದೊರೆತ ಮೋಟು ನಾರು ವ್ಯರ್ಥವಾಗುವುದಿಲ್ಲ. ಅದು ಬಹುಪಾಲು ಶುದ್ಧ ಸೆಲ್ಯುಲೋಸ್ ಆಗಿರುವುದರಿಂದ ಉತ್ತಮ ಕಾಗದಕ್ಕೂ ರೇಯಾನ್ ನೂಲಿಗೂ ಉಪಯೋಗವಾಗುತ್ತದೆ. ಆದರೆ ಗರಗಸವು ಬೀಜವನ್ನು ಪೂರ್ತಿ ಬೋಳು ಮಾಡಲಾರದು. ಮಾಡಹೊರಟರೆ ಸಿಪ್ಪೆಗೆ ಗಾಯವಾಗುತ್ತದೆ. ಗಾಯಗೊಂಡ ಬೀಜವು ಎಣ್ಣೆಗೆ ಅಡ್ಡಿಯಿಲ್ಲ, ಬಿತ್ತನೆಗೆ ಮಾತ್ರ ಆಗದು.

ಆದುದರಿಂದ ಬಿತ್ತನೆಯ ಬೀಜಕ್ಕೆ ಹೆಚ್ಚಾಗಿ ಗಂಧಕಾಮ್ಲವನ್ನು ಬಳಸುತ್ತಾರೆ. ಒಂದು ಕಿಲೋಗ್ರಾಂ ಬೀಜಕ್ಕೆ ಸುಮಾರು ೧೦೦ ಮಿಲಿಲೀಟರಿನಂತೆ ತೀಕ್ಷ್ಣವಾದ ಗಂಧಕಾಮ್ಲವನ್ನು ಸುರಿದು, ಎರಡು ಮೂರು ನಿಮಿಷಗಳ ಕಾಲ ಬಿಡದೆ ಕಲಸುತ್ತಾರೆ. ತುಪ್ಪಳವು ಕರಗಿ ಕರಿದಾಗುತ್ತದೆ. ಒಡನೆಯೇ ಬೀಜವನ್ನು ನಾಲ್ಕೈದು ಸಲ ನೀರಿನಲ್ಲಿ ತೊಳೆದು, ಉಳಿದ ಆಮ್ಲದ ಅಂಶವನ್ನು ಸುಣ್ಣದ ತಿಳಿನೀರಿನಿಂದ ಶಮನಗೊಳಿಸಿ, ಮತ್ತೊಮ್ಮೆ ತೊಳೆದು ಒಣಗಿಸುತ್ತಾರೆ. ಬೀಜದ ಸಿಪ್ಪೆಯು ಗಡುಸಾಗಿರುವುದರಿಂದ ಅಷ್ಟು ಅಲ್ಪಕಾಲದಲ್ಲಿ ಆಮ್ಲವು ಒಳಗಣ ಮೊಳಕೆಯನ್ನು ತಲುಪಲಾರದು. ಹೆಚ್ಚು ಹೊತ್ತು ಬಿಟ್ಟರೆ ಮಾತ್ರ ಬೀಜವೂ ಸಾಯುವುದು. ಇದು ಬಲ್ಲವರು, ಕೈಗೂ ಕಣ್ಣಿಗೂ ರಕ್ಷಣೆ ಧರಿಸಿ ಮಾಡತಕ್ಕ ಕೆಲಸ. ವಿದ್ಯಾರ್ಥಿಗಳು ಇದನ್ನು ಎಂದಿಗೂ ಮಾಡಿ ನೋಡಲು ಹೋಗಬಾರದು.

ದೊಡ್ಡ ಕಾರ್ಖಾನೆಗಳಲ್ಲಿ ಇದೇ ಕ್ರಿಯೆಯು ಯಂತ್ರಗಳಿಂದ ನಡೆಯುತ್ತದೆ. ಅಲ್ಲಿ ಆಮ್ಲಕ್ಕೆ ನೀರು ಬೆರೆಸಿ ಅದರ ತೀಕ್ಷ್ಣತೆಯನ್ನು ಬಹಳ ತಗ್ಗಿಸುತ್ತಾರೆ. ಆ ದ್ರವದಲ್ಲಿ ತೋಯ್ದ ಬೀಜವನ್ನು ವೇಗವಾಗಿ ತಿರುಗುವ ಜಾಲರಿಯ ಪಾತ್ರೆಯಲ್ಲಿ ಹಾಕಿದಾಗ ಹೆಚ್ಚಿನ ದ್ರವವು ಹೊರಕ್ಕೆ ಸಿಡಿದು, ಮರಳಿ ಉಪಯೋಗಕ್ಕೆ ಬರುತ್ತದೆ. ಅನಂತರ ಬೀಜವು ಬಿಸಿಗಾಳಿ ಹಾಯುವ ಒಂದು ದೊಡ್ಡ ಉರುಳೆಯೊಳಗೆ ಹೊರಳುತ್ತ ಸಾಗುತ್ತದೆ. ನೀರು ಆವಿಯಾಗುತ್ತ ಹೋದಂತೆ ಆಮ್ಲವು ತುಪ್ಪಳದ ಮೇಲೆಯೇ ತೀಕ್ಷ್ಣವಾಗಿ, ತುಪ್ಪಳವು ಗರಿಗರಿಯಾಗಿ ಮುರಿಯುವಂತಾಗುತ್ತದೆ. ಎರಡನೆಯ ಉರುಳೆಯಲ್ಲಿ ಬೀಜಗಳು ಒಂದಕ್ಕೊಂದು ಉಜ್ಜಿಕೊಂಡು ಆ ಗರಿಕು ಪುಡಿಯಾಗಿ ಉದುರುತ್ತದೆ. ಕಡೆಯಲ್ಲಿ ಉಳಿದ ಆಮ್ಲವನ್ನು ಶಮನಗೊಳಿಸುತ್ತಾರೆ. ಹೊರಬರುವ ಬೀಜವು ಕಪ್ಪು ಮಿಶ್ರಿತ ಕಂದು ಬಣ್ಣದ, ನುಣುಪಾದ, ಚೂಪುತುದಿಯ ಒಂದು ಕಾಳು. ಹತ್ತಿಬೀಜವು ಈಗ ಜೋಳ-ಕಡಲೆಗಳಂತೆ ವಿಂಗಡಣೆಗೆ ಸಿದ್ಧವಾಯಿತು.

೩. ಗಾಳಿ ಮತ್ತು ಜರಡಿ

ವಿಂಗಡಣೆಯ ಮೊದಲನೆಯ ಯಂತ್ರಕ್ಕೆ ಗಾಳಿ-ಜರಡಿ ಯಂತ್ರವೆಂದು ಹೆಸರಿಡಬಹುದು. ಇದರಲ್ಲಿ ಹೊಸದೇನೂ ಇಲ್ಲ. ಕಣದಲ್ಲಿ ರೈತನು ಎತ್ತರದ ಮೇಲೆ ನಿಂತು ಗಾಳಿಗೆ ರಾಶಿಯನ್ನು ತೂರುತ್ತಾನೆ. ಹೊಟ್ಟು ದೂರ ಹಾರುತ್ತದೆ, ಕಾಳು ಕಾಲಬುಡದಲ್ಲಿ ಬೀಳುತ್ತದೆ. ಮನೆಯಲ್ಲಿ ಅಜ್ಜಿಯು ಜರಡಿ ಹಿಡಿಯುತ್ತಾಳೆ. ನುಚ್ಚು ಕೆಳಗಿಳಿಯುತ್ತದೆ, ಕಾಳು ಮೇಲುಳಿಯುತ್ತದೆ. ಈ ಎರಡು ಕೆಲಸಗಳನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸಿದರೆ ಈ ಯಂತ್ರವಾಗುತ್ತದೆ.

ಮೇಲಿನ ಬಾಯಿಯಿಂದ ಬೀಜವು ತೆಳುವಾದ ಪರದೆಯಂತೆ ಸುರಿಯುವಾಗ ಪಂಖವು ಎಳೆಯುವ ಗಾಳಿಯು ಧೂಳು, ತುಪ್ಪಳದ ಪುಡಿ, ಒಣಗಿದ ಎಲೆಯ ಚೂರು ಇವುಗಳನ್ನು ಹೀರಿಕೊಳ್ಳುತ್ತದೆ. ಬಳಿಕ ಬೀಜವು ಮೊದಲನೆಯ ಜರಡಿಯ ಮೇಲೆ ಬೀಳುತ್ತದೆ. ಇದರ ತೂತುಗಳು ಬೀಜಕ್ಕಿಂತ ದೊಡ್ಡವು. ಆದುದರಿಂದ ಬೀಜವು ಕೆಳಗಿಳಿದು, ಕಡ್ಡಿ, ಕಾಯಿಯ ಸಿಪ್ಪೆ, ಒಂದಕ್ಕೊಂದು ಅಂಟಿಕೊಂಡ ಜೋಡಿ ಬೀಜಗಳು ಮೇಲೆ ಉಳಿದು ಹೊರಬೀಳುತ್ತವೆ. ಈ ಜೋಡಿ ಬೀಜಗಳನ್ನು ತೆಗೆದುಹಾಕುವುದರಲ್ಲಿ ಒಂದು ವಿಶೇಷ ಪ್ರಯೋಜನವುಂಟು. ಗುಲಾಬಿ ಕಾಯಿಕೊರಕವೆಂಬ ಹುಳುವು ಎರಡು ಬೀಜಗಳನ್ನು ತನ್ನ ನೂಲಿನಿಂದ ಹೆಣೆದು, ನಡುವೆ ಅಡಗಿ ಮುಂದಿನ ಹಂಗಾಮಿನವರೆಗೂ ಕಾದಿರುವುದುಂಟು. ಎರಡನೆಯ ಜರಡಿಯ ತೂತುಗಳು ಬೀಜಕ್ಕಿಂತ ಸಣ್ಣವು. ಇಲ್ಲಿ ಬೀಜವು ಮೇಲೆ ಉಳಿದು, ಒಡೆದ ಚೂರುಗಳೂ ಸಣಕಲು ಬೀಜಗಳೂ ಮಣ್ಣೂ ಕೆಳಗಿಳಿಯುತ್ತವೆ. ಕಡೆಗೆ ಬೀಜವು ಹೊರಬೀಳುವಲ್ಲಿ ಮತ್ತೊಮ್ಮೆ ಗಾಳಿಯು ಹಾಯ್ದು ತೀರ ಹಗುರಾದುದನ್ನು ಎತ್ತಿಕೊಂಡು ಹೋಗುತ್ತದೆ.

ಇಲ್ಲಿಗೆ ಕೆಲಸವು ಮುಗಿಯಿತೇ? ಇಲ್ಲ. ಜರಡಿಯು ಬೀಜದ ಗಾತ್ರವನ್ನು ಅಳೆಯುತ್ತದೆ. ಒಳಗಿನ ತಿರುಳನ್ನು ಅಳೆಯಲಾರದು. ಗಿಡದಲ್ಲಿ ಕಡೆಯದಾಗಿ ಬಲಿತ ಕಾಯಿಗಳಲ್ಲಿ, ಅಥವಾ ನೀರಿನ ಕೊರತೆಯಾದಾಗ, ಬೀಜದ ಹೊರಸಿಪ್ಪೆಯು ಪೂರ್ಣ ಗಾತ್ರಕ್ಕೆ ಬೆಳೆದು ಒಳಗೆ ತಿರುಳು ಅರ್ಧವಷ್ಟೇ ತುಂಬಿರುವುದುಂಟು. ಅಂತಹ ಬೀಜವು ತುಂಬಿದ ಬೀಜದ ಜೊತೆಯಲ್ಲಿಯೇ ಜರಡಿಯನ್ನು ದಾಟಿ ಬರುತ್ತದೆ. ಅದನ್ನು ಹಿಡಿಯುವುದಕ್ಕೆ ಇನ್ನೊಂದು ಯಂತ್ರ ಬೇಕು.

೪. ಓರೆಯಾದ ಹಲಗೆ

ಆ ಯಂತ್ರಕ್ಕೆ ಗ್ರಾವಿಟಿ ಸೆಪರೇಟರ್, ಎಂದರೆ ಗುರುತ್ವ ವಿಂಗಡಣಾ ಯಂತ್ರ ಎಂದು ಹೆಸರು. ನೋಡುವುದಕ್ಕೆ ಇದು ಒಂದು ಅಗಲವಾದ ಮೇಜಿನಂತಿರುತ್ತದೆ. ಮೇಜಿನ ಹಲಗೆಯು ಗಟ್ಟಿಯಾದುದಲ್ಲ. ಸಣ್ಣ ತಂತಿಯ ಬಲೆಯಿಂದಲೋ ಬಟ್ಟೆಯಿಂದಲೋ ಮಾಡಿದುದು. ಅದರ ಕೆಳಗಿನಿಂದ ಪಂಖಗಳು ಗಾಳಿಯನ್ನು ಮೇಲಕ್ಕೆ ಊದುತ್ತವೆ. ಹಲಗೆಯು ಎರಡು ದಿಕ್ಕಿಗೆ ಓರೆಯಾಗಿರುತ್ತದೆ: ಬೀಜ ಬೀಳುವ ತುದಿಯಿಂದ ಹೊರಹೋಗುವ ತುದಿಯ ಕಡೆಗೆ ಸ್ವಲ್ಪ ಇಳಿಜಾರು, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೂ ಇಳಿಜಾರು. ಇಷ್ಟಲ್ಲದೆ ಹಲಗೆಯು ತಗ್ಗಿನ ಮಗ್ಗುಲಿನಿಂದ ಎತ್ತರದ ಮಗ್ಗುಲಿನ ಕಡೆಗೆ ಎಡೆಬಿಡದೆ ಕುಲುಕುತ್ತಿರುತ್ತದೆ.

ಬೀಜವು ಹಲಗೆಯ ಮೇಲೆ ಬಿದ್ದೊಡನೆ ಏನಾಗುತ್ತದೆಂಬುದನ್ನು ಗಮನವಿಟ್ಟು ನೋಡಿರಿ. ಕೆಳಗಿನಿಂದ ಬರುವ ಗಾಳಿಯ ಒತ್ತಡಕ್ಕೆ ಬೀಜದ ಪದರವು ಸಡಿಲವಾಗಿ, ಕುದಿಯುವ ಅನ್ನದಂತೆ ಏಳುತ್ತ ಬೀಳುತ್ತ ಇರುತ್ತದೆ. ಗಾಳಿಯ ವೇಗವನ್ನು ಎಷ್ಟು ಇಟ್ಟಿರುತ್ತಾರೆಂದರೆ, ಜೊಳ್ಳು ಬೀಜವನ್ನು ಅದು ಎತ್ತಬಲ್ಲದು. ತುಂಬಿದ ಬೀಜವನ್ನು ಎತ್ತಲಾರದು. ಹೀಗಾಗಿ ತುಂಬಿದ ಬೀಜಗಳು ಅಡಿಗಿಳಿದು ಹಲಗೆಗೆ ತಾಗಿಕೊಳ್ಳುತ್ತವೆ; ಜೊಳ್ಳು ಬೀಜಗಳು ಅವುಗಳ ಮೇಲೆ ತೇಲುತ್ತವೆ. ಹಲಗೆಗೆ ತಾಗಿದ ಬೀಜಗಳನ್ನು ಅದರ ಕುಲುಕಾಟವು ತಳ್ಳುತ್ತ ತಳ್ಳುತ್ತ ಏರಿನ ಮಗ್ಗುಲಿಗೆ ಒಯ್ಯುತ್ತದೆ. ತೇಲುತ್ತಿರುವ ಬೀಜಗಳಿಗೆ ಆ ತಳ್ಳಾಟವು ತಾಗುವುದೇ ಇಲ್ಲ. ಅವು ಇಳಿಜಾರಿನಲ್ಲಿ ಜಾರಿ ತಗ್ಗಿನ ಮಗ್ಗುಲಿಗೆ ಹೋಗುತ್ತವೆ.

ಮೊದಲ ಸಲ ಕೇಳಿದವರಿಗೆ ಇದು ವಿಚಿತ್ರವಾಗಿ ತೋರುವುದು. ಭಾರವಾದುದು ಏರನ್ನು ಹತ್ತುವುದು, ಹಗುರಾದುದು ಕೆಳಗಿಳಿಯುವುದು ಎಂದರೇನು? ಹೊಳೆಯನ್ನು ದಾಟುವವರನ್ನು ನೆನೆದುಕೊಂಡರೆ ಈ ಸಂಶಯವು ಪರಿಹಾರವಾಗುತ್ತದೆ. ಕಾಲು ನೆಲಕ್ಕೆ ತಾಗುವವನು ಪ್ರವಾಹಕ್ಕೆ ಎದುರಾಗಿಯೂ ನಡೆಯಬಲ್ಲನು. ಕಾಲು ತಾಗದವನು ನೀರು ಒಯ್ದತ್ತ ಹೋಗುವನು. ತುಂಬಿದ ಬೀಜವು ಹಲಗೆಯ ಮೇಲೆ ಕಾಲೂರಿದೆ. ಜೊಳ್ಳಿಗೆ ಊರುವುದಕ್ಕೆ ನೆಲವಿಲ್ಲ.

ಹಲಗೆಯ ಕಡೆಯ ಅಂಚಿನಲ್ಲಿ ಬೀಜವು ಹೊರಬೀಳುವಾಗ ಎತ್ತರದ ಮಗ್ಗುಲಿನಲ್ಲಿ ಗಟ್ಟಿಬೀಜವೂ ತಗ್ಗಿನ ಮಗ್ಗುಲಿನಲ್ಲಿ ಜೊಳ್ಳೂ ಬೀಳುತ್ತವೆ. ನಡುವೆ ಬೀಳುವುದು ಎರಡರ ಮಿಶ್ರಣ. ಅದನ್ನು ಮತ್ತೊಮ್ಮೆ ಹಲಗೆಗೆ ಹಾಕುತ್ತಾರೆ. ಯಂತ್ರವನ್ನು ನಡೆಸುವವನ ಕೈಯಲ್ಲಿ ಐದು ಹಿಡಿತಗಳಿರುತ್ತವೆ: ಬೀಜ ಸುರಿಯುವ ಪ್ರಮಾಣ, ಗಾಳಿಯ ವೇಗ, ಉದ್ದದ ಇಳಿಜಾರು, ಅಡ್ಡದ ಇಳಿಜಾರು, ಕುಲುಕಾಟದ ವೇಗ. ಗಾಳಿಯು ಹೆಚ್ಚಾದರೆ ಗಟ್ಟಿಬೀಜವೂ ತೇಲಿ ಜೊಳ್ಳಿನ ಸಂಗಡ ಹೋಗುವುದು. ಕಡಿಮೆಯಾದರೆ ಜೊಳ್ಳೂ ಹಲಗೆಗೆ ತಾಗಿ ಏರನ್ನು ಹತ್ತುವುದು. ಕೆಲಸವು ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ ಬಲ್ಲವನು ಎರಡೂ ಮಗ್ಗುಲುಗಳಿಂದ ಒಂದೇ ಅಳತೆಯ ಬಟ್ಟಲಿನ ತುಂಬ ಬೀಜವನ್ನು ತೆಗೆದುಕೊಂಡು ತೂಗಿ ನೋಡುತ್ತಾನೆ. ಎರಡರ ತೂಕದಲ್ಲಿ ಅಂತರವು ಚೆನ್ನಾಗಿ ಕಂಡರೆ ಯಂತ್ರವು ಸರಿಯಾಗಿ ನಡೆಯುತ್ತಿದೆಯೆಂದು ಅರ್ಥ.

ಇಲ್ಲಿ ನೆನಪಿಡತಕ್ಕ ಒಂದು ನಿಯಮವುಂಟು. ಒಂದೇ ಗಾತ್ರದ ಬೀಜಗಳನ್ನು ಈ ಹಲಗೆಯು ಸಾಂದ್ರತೆಗೆ ಅನುಸಾರವಾಗಿ ಬೇರ್ಪಡಿಸುತ್ತದೆ. ಒಂದೇ ಸಾಂದ್ರತೆಯ ಬೀಜಗಳನ್ನು ಗಾತ್ರಕ್ಕೆ ಅನುಸಾರವಾಗಿ ಬೇರ್ಪಡಿಸುತ್ತದೆ. ಗಾತ್ರ, ಸಾಂದ್ರತೆ ಎರಡೂ ಬೇರೆ ಬೇರೆಯಾಗಿದ್ದರೆ ಅದಕ್ಕೆ ಗೊಂದಲವಾಗುತ್ತದೆ. ದೊಡ್ಡ ಜೊಳ್ಳು ಬೀಜವೂ ಸಣ್ಣ ಗಟ್ಟಿಬೀಜವೂ ಒಂದೇ ಕಡೆಗೆ ಹೋಗಬಹುದು. ಆದುದರಿಂದಲೇ ಜರಡಿಯ ಕೆಲಸವು ಮೊದಲು, ಹಲಗೆಯ ಕೆಲಸವು ಅನಂತರ. ತುಪ್ಪಳ ತೆಗೆಯುವುದು, ಗಾಳಿ-ಜರಡಿ, ಓರೆಹಲಗೆ ಎಂಬ ಈ ಕ್ರಮವು ತಪ್ಪಿದರೆ ಪ್ರತಿಯೊಂದು ಯಂತ್ರವೂ ಒಳ್ಳೆಯದಾಗಿದ್ದರೂ ಫಲವು ಕೆಡುತ್ತದೆ.

ಇತ್ತೀಚಿನ ಕಾರ್ಖಾನೆಗಳಲ್ಲಿ ಇದರ ಮುಂದೆ ಇನ್ನೊಂದು ಯಂತ್ರವನ್ನು ಇಡುವುದುಂಟು. ಬಲಿತ ಬೀಜದ ಬಣ್ಣ ಗಾಢ, ಬಲಿಯದ ಬೀಜದ ಬಣ್ಣ ತಿಳಿ. ಬೀಜಗಳು ಒಂದರ ಹಿಂದೆ ಒಂದಾಗಿ ಬೀಳುತ್ತಿರುವಾಗ ಕ್ಯಾಮೆರಾವು ಅವುಗಳ ಬಣ್ಣವನ್ನು ನೋಡಿ, ತಿಳಿಬಣ್ಣದ ಬೀಜ ಬಂದೊಡನೆ ಗಾಳಿಯ ಒಂದು ಸಣ್ಣ ಹೊಡೆತದಿಂದ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಅಕ್ಕಿಯನ್ನು ಆರಿಸುವಾಗ ಅಜ್ಜಿಯ ಕಣ್ಣು ಮತ್ತು ಬೆರಳು ಮಾಡುವ ಕೆಲಸವೇ ಇದು.

೫. ಒಂದು ಪೊಟ್ಟಣದ ಲೆಕ್ಕ

ಇಷ್ಟೆಲ್ಲ ಶ್ರಮವು ಏತಕ್ಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಇಂದಿನ ರೈತನು ಹತ್ತಿಬೀಜವನ್ನು ಸೇರಿನಿಂದ ಅಳೆದು ಬಿತ್ತುವುದಿಲ್ಲ. ಸಂಕರ ತಳಿಯ ಬೀಜದ ಪೊಟ್ಟಣವನ್ನು ಕೊಂಡು ತಂದು ಒಂದೊಂದೇ ಬೀಜವನ್ನು ಊರುತ್ತಾನೆ. ೪೫೦ ಗ್ರಾಂ ತೂಕದ ಒಂದು ಪೊಟ್ಟಣವನ್ನು ಒಂದು ಎಕರೆಗೆಂದು ಲೆಕ್ಕ ಹಾಕುವುದು ರೂಢಿಯಾಗಿತ್ತು. ನೂರು ಬೀಜಗಳು ೮ ಗ್ರಾಂ ತೂಗುತ್ತವೆಯೆಂದು ಇಟ್ಟುಕೊಂಡರೆ ಅಂತಹ ಪೊಟ್ಟಣದಲ್ಲಿ ೫,೬೨೫ ಬೀಜಗಳಾದವು. ನಮ್ಮ ದೇಶದ ನಿಯಮದಂತೆ ಸಂಕರ ಹತ್ತಿಬೀಜದಲ್ಲಿ ನೂರಕ್ಕೆ ೭೫ರಷ್ಟಾದರೂ ಮೊಳೆಯಬೇಕು. ಕಸಕಡ್ಡಿ ಕಳೆದ ಶುದ್ಧ ಬೀಜವು ನೂರಕ್ಕೆ ೯೮ರಷ್ಟಾದರೂ ಇರಬೇಕು. ತೇವಾಂಶವು ನೂರಕ್ಕೆ ೧೦ನ್ನು ಮೀರಬಾರದು. ಮೊಳಕೆಯು ಆ ಕನಿಷ್ಠ ಮಟ್ಟದಲ್ಲಿಯೇ ನಿಂತರೆ ೫,೬೨೫ರಲ್ಲಿ ಮೇಲೇಳುವ ಸಸಿಗಳು ಸುಮಾರು ೪,೨೧೯. ಮಣ್ಣಿನಲ್ಲಿಯೇ ಉಳಿಯುವ ಬೀಜಗಳು ಸುಮಾರು ೧,೪೦೬. ನೂರಕ್ಕೆ ೯೦ರಷ್ಟು ಮೊಳೆತರೆ ಮಣ್ಣಿನಲ್ಲಿ ಉಳಿಯುವುವು ೫೬೩ ಮಾತ್ರ. ಈ ಎರಡರ ನಡುವಣ ೮೪೩ ಗಿಡಗಳು ಒಬ್ಬ ಸಣ್ಣ ರೈತನ ಒಂದು ಎಕರೆಯಲ್ಲಿ ಇರುವುದೂ ಇಲ್ಲದಿರುವುದೂ ಬಹುಮಟ್ಟಿಗೆ ಬೀಜದ ಹಸನನ್ನು ಅವಲಂಬಿಸಿರುತ್ತದೆ.

ಮಳೆಯನ್ನೇ ನಂಬಿದ ಎರೆಯ ಹೊಲದಲ್ಲಿ ಬಿತ್ತನೆಗೆ ತಕ್ಕ ಹದವು ಕೆಲವೇ ದಿನ ಇರುತ್ತದೆ. ಆ ಹದವು ತಪ್ಪಿದ ಮೇಲೆ ಮತ್ತೆ ಬೀಜ ಊರುವುದಕ್ಕೆ ಹಣವಿದ್ದರೂ ಕಾಲವಿರುವುದಿಲ್ಲ. ಆದುದರಿಂದ ಬೀಜವು ಪೊಟ್ಟಣ ಸೇರುವ ಮೊದಲು ಪ್ರಯೋಗಶಾಲೆಯಲ್ಲಿ ಅದರ ಮೊಳಕೆಯನ್ನು ಪರೀಕ್ಷಿಸುತ್ತಾರೆ. ರಾಶಿಯಿಂದ ೪೦೦ ಬೀಜಗಳನ್ನು ಆಯ್ಕೆ ಮಾಡದೆ, ಕೈಗೆ ಬಂದಂತೆ ಎಣಿಸಿ, ಒದ್ದೆಯಾದ ಕಾಗದದ ಸುರುಳಿಗಳಲ್ಲಿ ಇಟ್ಟು, ೧೨ನೆಯ ದಿನಕ್ಕೆ ಕಡೆಯ ಎಣಿಕೆ ಮಾಡುತ್ತಾರೆ.

೬. ಯಂತ್ರವು ಮಾಡಲಾರದ ಕೆಲಸ

ಇಷ್ಟು ಹೇಳಿದ ಮೇಲೆ ಯಂತ್ರದ ಮಿತಿಯನ್ನೂ ಹೇಳಬೇಕು. ಗಾತ್ರ, ತೂಕ, ಬಣ್ಣ ಈ ಮೂರನ್ನು ಬಿಟ್ಟು ಬೇರೇನನ್ನೂ ಈ ಯಂತ್ರಗಳು ಬಲ್ಲವಲ್ಲ. ಎರಡು ತಳಿಗಳ ಗಟ್ಟಿಬೀಜಗಳು ಒಂದೇ ರಾಶಿಯಲ್ಲಿ ಬೆರೆತುಹೋದರೆ ಎರಡೂ ಒಟ್ಟಿಗೆ ಜರಡಿಯನ್ನು ದಾಟುತ್ತವೆ, ಎರಡೂ ಒಟ್ಟಿಗೆ ಏರನ್ನು ಹತ್ತುತ್ತವೆ. ಇಂತಹ ಬೆರಕೆಯಿಂದ ಏನಾಗುತ್ತದೆಂಬುದಕ್ಕೆ ನಮ್ಮ ಧಾರವಾಡದ ಇತಿಹಾಸವೇ ಸಾಕ್ಷಿ.

೧೮೪೦ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಅಮೆರಿಕದ ಹತ್ತಿಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅದು ಅಲ್ಲಿಯ ನೆಲಕ್ಕೂ ಹವೆಗೂ ಹೊಂದಿಕೊಂಡು ‘ಧಾರವಾಡ-ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರು ಪಡೆಯಿತು. ಅದರ ಜೊತೆಯಲ್ಲಿ ಹಿಂದಿನಿಂದ ಬೆಳೆಯುತ್ತಿದ್ದ ನಾಡಹತ್ತಿಯೂ ಇತ್ತು. ಕುಮಟಾ ಬಂದರದ ಮೂಲಕ ಸಾಗುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿಯೆಂದು ಹೆಸರು. ನಾಡಹತ್ತಿಯ ಬೀಜವನ್ನು ಹೆಂಗಸರು ಚಪ್ಪಟೆಯಾದ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ಅಮೆರಿಕನ್ ಹತ್ತಿಯ ನಾರು ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಆ ಸಾಧನವು ಸಾಲದಾಯಿತು. ಅಮೆರಿಕದ ಈಲೈ ವಿಟ್ನಿಯು ೧೭೯೩ರಲ್ಲಿ ರಚಿಸಿ ೧೭೯೪ರಲ್ಲಿ ಹಕ್ಕುಪತ್ರ ಪಡೆದ ಮಾದರಿಯ ಗರಗಸ ಜಿನ್ನುಗಳು ಧಾರವಾಡಕ್ಕೆ ಬಂದವು.

೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬಾರದಂತಾಯಿತು. ನಮ್ಮ ದೇಶದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಬೆಲೆಯ ಹಿಂದೆಯೇ ದುರಾಶೆಯೂ ಬಂದಿತು. ಒಳ್ಳೆಯ ಹತ್ತಿಯೊಡನೆ ಕೀಳುಹತ್ತಿಯನ್ನೂ ಬೀಜ-ಕಸಗಳನ್ನೂ ಬೆರೆಸಿ ಮಾರುವ ಮೋಸವು ಎಷ್ಟು ಹಬ್ಬಿತೆಂದರೆ, ಅದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಒಂದು ಶಾಸನವನ್ನೇ ಮಾಡಬೇಕಾಯಿತು. ಪೇಟೆಯಲ್ಲಿ ಬೆರೆತ ಅರಳೆಯು ಆ ವರ್ಷದ ಹಾನಿ ಮಾತ್ರ. ಜಿನ್ನಿನಲ್ಲಿ ಬೆರೆತ ಬೀಜದ ಹಾನಿ ಹಾಗಲ್ಲ. ಅದು ಮರುವರ್ಷ ಹೊಲಕ್ಕೆ ಹೋಗಿ ಬೆಳೆದು ಮತ್ತೆ ಜಿನ್ನಿಗೆ ಬಂದು ವರ್ಷವರ್ಷಕ್ಕೂ ಹೆಚ್ಚುತ್ತದೆ. ಒಬ್ಬನ ಹತ್ತಿಯನ್ನು ಮುಗಿಸಿ, ಜಿನ್ನನ್ನು ಬಳಿದು ತೆಗೆಯದೆ ಇನ್ನೊಬ್ಬನ ಹತ್ತಿಯನ್ನು ಹಾಕಿದರೆ ಸಾಕು, ಬೆರಕೆಯು ಆರಂಭವಾಯಿತು. ಹೀಗೆ ಕಾಲಕ್ರಮದಲ್ಲಿ ಧಾರವಾಡ-ಅಮೆರಿಕನ್ ಹತ್ತಿಯಲ್ಲಿ ನಾಡಹತ್ತಿಯು ಬೆರೆತು ಅದರ ಹೆಸರು ಕೆಟ್ಟಿತು. ಅದನ್ನು ಸರಿಪಡಿಸಿದುದು ಯಾವ ಯಂತ್ರವೂ ಅಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದ ತಳಿತಜ್ಞರು ಹೊಲಹೊಲಗಳಲ್ಲಿ ನಿಂತು, ಗಿಡಗಿಡವನ್ನೂ ನೋಡಿ, ಒಳ್ಳೆಯ ಗಿಡಗಳ ಬೀಜವನ್ನು ಬೇರೆಯಾಗಿ ತೆಗೆದು ಬೆಳೆಸಿದರು, ‘ಗದಗ ನಂ. ೧’ ಎಂಬ ತಳಿಯು ಹಾಗೆ ಆಯ್ದುದರಿಂದ ಹುಟ್ಟಿತು.

ಅದೇ ಧಾರವಾಡದಲ್ಲಿ ಡಾ. ಬಿ. ಎಚ್. ಕಟಾರ್ಕಿಯವರು ಎರಡು ಬೇರೆ ಜಾತಿಗಳ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ೧೯೭೨ರಲ್ಲಿ ನಾಡಿಗೆ ಕೊಟ್ಟರು. ಸಂಕರ ಬೀಜವನ್ನು ಪಡೆಯಬೇಕಾದರೆ ಸಂಜೆಯಲ್ಲಿ ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಗ್ಗೆ ಬೇರೊಂದು ಗಿಡದ ಪರಾಗವನ್ನು ಕೈಯಿಂದಲೇ ಸವರಬೇಕು. ಹೂವೊಂದೊಂದಕ್ಕೂ ಹೀಗೆಯೇ. ಈ ಕೆಲಸಕ್ಕೆ ಶಾಲೆಯಲ್ಲಿ ಇರಬೇಕಾದ ಮಕ್ಕಳನ್ನು, ಅದರಲ್ಲಿಯೂ ಹುಡುಗಿಯರನ್ನು, ಹಲವೆಡೆ ದುಡಿಸಿದ್ದುಂಟು; ಅದು ಕಾನೂನಿಗೂ ನ್ಯಾಯಕ್ಕೂ ವಿರುದ್ಧವಾದುದು. ನಿಮ್ಮ ವಯಸ್ಸಿನವರ ಬೆರಳುಗಳು ಮುಟ್ಟಿರಬಹುದಾದ ಬೀಜವು ಗುಣ ಕೆಟ್ಟು ವ್ಯರ್ಥವಾದರೆ ಅದು ಹಣದ ನಷ್ಟ ಮಾತ್ರವಲ್ಲ. ಇಂದಿಗೂ ಸಂಕರ ಬೀಜದ ತಳಿಯು ಶುದ್ಧವಾಗಿದೆಯೇ ಎಂದು ತಿಳಿಯಲು, ಮಾದರಿಯ ಬೀಜವನ್ನು ಹೊಲದಲ್ಲಿ ಬೆಳೆದು ಗಿಡಗಳನ್ನು ಮನುಷ್ಯರೇ ನೋಡಿ ನಿರ್ಣಯಿಸುವ ಪರೀಕ್ಷೆಯುಂಟು.

೭. ಮಾಡಿ ನೋಡಿರಿ

ಈ ಪಾಠದ ತತ್ತ್ವಗಳನ್ನು ಮನೆಯಲ್ಲಿಯೇ ಅಪಾಯವಿಲ್ಲದೆ ಪರೀಕ್ಷಿಸಬಹುದು.

ಮೊದಲನೆಯದು: ಹುಳುಹಿಡಿದ ಕಾಳುಗಳೂ ಸೇರಿರುವ ಒಂದು ಹಿಡಿ ಹೆಸರುಕಾಳನ್ನು ನೀರಿಗೆ ಹಾ�ಕಿ ಕಲಕಿರಿ. ತೇಲಿದವುಗಳನ್ನೂ ಮುಳುಗಿದವುಗಳನ್ನೂ ಬೇರೆ ಬೇರೆ ಒದ್ದೆಬಟ್ಟೆಗಳಲ್ಲಿ ಕಟ್ಟಿಟ್ಟು, ಎರಡು ದಿನಗಳ ಮೇಲೆ ಎರಡರಲ್ಲಿಯೂ ಮೊಳೆತವುಗಳನ್ನು ಎಣಿಸಿ ಬರೆಯಿರಿ.

ಎರಡನೆಯದು: ಮುಳುಗುವ ಒಂದು ಕಾಳಿಗೆ ಸ್ವಲ್ಪ ಅರಳೆಯನ್ನು ಸಡಿಲವಾಗಿ ಸುತ್ತಿ ಮೆಲ್ಲನೆ ನೀರಿನ ಮೇಲೆ ಬಿಡಿರಿ. ಅದು ತಡೆದು ಮುಳುಗುವುದನ್ನು ಕಂಡಾಗ ತುಪ್ಪಳವು ನೀರನ್ನು ಹೇಗೆ ಮೋಸಗೊಳಿಸುವುದೆಂಬುದು ತಿಳಿಯುವುದು.

ಮೂರನೆಯದು: ಮನೆಯಲ್ಲಿ ಮೊರವಿದ್ದರೆ ಹಿರಿಯರು ಅದರಲ್ಲಿ ಕಾಳು ಕೇರುವುದನ್ನು ನೋಡಿರಿ. ಮೊರದ ಓರೆ, ಕುಲುಕಾಟ, ಗಾಳಿ ಈ ಮೂರನ್ನೂ ಓರೆಹಲಗೆಯ ಯಂತ್ರದೊಡನೆ ಹೋಲಿಸಿ ನಾಲ್ಕು ವಾಕ್ಯ ಬರೆಯಿರಿ.

ನಮ್ಮ ನಗರದ ಮಾಟುಂಗಾದಲ್ಲಿ ೧೯೨೪ರಲ್ಲಿ ಸ್ಥಾಪಿತವಾದ ಹತ್ತಿಯ ಪ್ರಯೋಗಾಲಯವು ಇಂದು ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾಗಿ ನಾರು, ಬೀಜ, ಗಿಡದ ಕಡ್ಡಿ ಇವೆಲ್ಲದರ ಉಪಯೋಗವನ್ನು ಶೋಧಿಸುತ್ತಿದೆ. ನಿಮ್ಮಲ್ಲಿ ಕೆಲವರಾದರೂ ಮುಂದೆ ಅಂತಹ ಸಂಸ್ಥೆಗಳಲ್ಲಿ ಕೆಲಸ ಮಾಡುವಂತಾಗಲಿ. ಅದಕ್ಕೆ ಮೊದಲು, ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಯಾರ ಮನೆಯಲ್ಲಿಯಾದರೂ ಬಿತ್ತನೆಯ ಬೀಜವು ಕಂಡರೆ, ಅದನ್ನು ಎಲ್ಲಿಂದ ತಂದರು, ಹೇಗೆ ಹಸನು ಮಾಡಿದರು, ಕಳೆದ ವರ್ಷ ನೂರಕ್ಕೆ ಎಷ್ಟು ಮೊಳೆಯಿತು ಎಂದು ಕೇಳಿರಿ. ಜೊಳ್ಳನ್ನು ಬೇರ್ಪಡಿಸುವ ಕೆಲಸವನ್ನು ಮನುಷ್ಯನು ಯಂತ್ರಕ್ಕೆ ಒಪ್ಪಿಸಿದ್ದಾನೆ. ಬೆರಕೆಯಾಗದಂತೆ ಕಾಯುವ ಕೆಲಸವು ಇನ್ನೂ ಅವನ ಪಾಲಿಗೇ ಉಳಿದಿದೆ.